ರಾಯರಿಗೆ ಉಳಿದ ಭಾಷೆ

ಗುರುಗಳ ಕಥೆ ಎಂದರೆ ಜನಕ್ಕೆ ಆಶ್ರಮ ಬೇಕು, ಜಡೆ ಬೇಕು, ಓಡಾಡಲು ಒಂದು ಜಿಂಕೆಯೂ ಬೇಕು. ನಮ್ಮ ವೆಂಕೋಬರಾಯರಿಗೆ ಇದ್ದದ್ದು ಹೊಳೆ ದಂಡೆಯ ಒಂದು ಹೆಂಚಿನ ಮನೆ, ಮೊಣಕೈ ಸವೆದ ಸ್ವೆಟರು ಮತ್ತು ರಷ್ಯನ್ ಭಾಷೆ.

ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷ ರಷ್ಯನ್ ಕಲಿಸಿ ನಿವೃತ್ತರಾದರು. ಆದರೂ ಎಂ.ಎ. ಓದುವವರನ್ನು ವಿಭಾಗದವರು ಅವರ ಮನೆಗೇ ಕಳಿಸುತ್ತಿದ್ದರು. ನಾನೂ ಹೋಗಿದ್ದವನೇ. ಎರಡು ಸಲ ಫೇಲಾದೆ, ಆ ಮಾತು ಬಿಡಿ.

ಈ ಕಥೆ ದಾಕ್ಷಾಯಿಣಿಯದು. ಅವಳೇ ನನಗೆ ಹೇಳಿದ್ದು. ಕೇಳಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ದಾಕ್ಷಾಯಿಣಿ ನಂಜನಗೂಡಿನ ಕಡೆಯ ಹುಡುಗಿ. ಅಪ್ಪನದು ಹಿಟ್ಟಿನ ಗಿರಣಿ. ಮಗಳು ರಷ್ಯನ್ ಓದುತ್ತಾಳೆ ಎಂದು ಗೊತ್ತಾದಾಗ ರಾಗಿ ಬೀಸಿಸಲು ಬಂದವರೆಲ್ಲ ಒಂದೇ ಪ್ರಶ್ನೆ ಕೇಳಿದರು: ಅದನ್ನು ಓದಿ ಯಾರ ಹತ್ತಿರ ಮಾತಾಡುತ್ತಾಳೆ? ಅಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮಗಳಿಗೂ ಗೊತ್ತಿರಲಿಲ್ಲ.

ಐದು ಜನರ ತರಗತಿಯಲ್ಲಿ ಅವಳೇ ಮೊದಲು. ನೆನಪು ಚೆನ್ನಾಗಿತ್ತು, ಉಚ್ಚಾರಣೆ ಅದಕ್ಕಿಂತ ಚೆನ್ನಾಗಿತ್ತು. ಒಂದೇ ಒಂದು ಚಾಳಿ ಕೆಟ್ಟದ್ದು. ಕನ್ನಡಕ್ಕೆ ತರುವಾಗ ಸಿಹಿ ಬೆರೆಸುತ್ತಿದ್ದಳು.

ಒಮ್ಮೆ ಒಂದು ಕಥೆಯ ಪುಟ ಕೊಟ್ಟರು ರಾಯರು. ಅದರಲ್ಲಿ ಯುದ್ಧದಿಂದ ಓಡಿಬಂದ ಮಗನಿಗೆ ತಾಯಿ, ನೀನು ಅಲ್ಲೇ ಸತ್ತಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ. ದಾಕ್ಷಾಯಿಣಿ ಬರೆದದ್ದು, ನೀನು ಬರಬಾರದಿತ್ತು ಕಂದಾ ಎಂದು.

ಕಂದಾ ಎಲ್ಲಿಂದ ಬಂತು ಅಂತ ರಾಯರು ಕೇಳಿದರು.

“ಯಾವ ತಾಯಿಯೂ ಹಾಗೆ ಹೇಳಲ್ಲ ಸಾರ್,” ಅಂದಳು.

“ಹೇಳಿದ್ದಾಳೆ. ಅಚ್ಚಾಗಿದೆ ನೋಡು.”

ಆ ಪುಟವನ್ನು ಅವಳ ಕೈಯಲ್ಲಿ ಏಳು ಸಲ ಬರೆಸಿದರು. ಏಳನೆಯ ಸಲ ಬರೆಯುವಾಗ ಅತ್ತಳಂತೆ. ರಾಯರು ಸಮಾಧಾನ ಹೇಳುವ ಜಾತಿಯಲ್ಲ. ಕಾಫಿ ಆರುತ್ತೆ ಕುಡಿ ಅಂದರು, ಅಷ್ಟೇ.

ಕಾಫಿ ತರುತ್ತಿದ್ದವರು ಅವರ ಹೆಂಡತಿ ಅಂಬಾಬಾಯಿ. ನಾಲ್ಕು ಗಂಟೆಗೆ ಸರಿಯಾಗಿ ಲೋಟಗಳನ್ನು ಇಟ್ಟು, ಒಳಬಾಗಿಲ ಹೊಸ್ತಿಲ ಆಚೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮಕ್ಕಳಿಲ್ಲದ ಮನೆ. ಬಂದ ವಿದ್ಯಾರ್ಥಿಗಳನ್ನೆಲ್ಲ ಮಗು ಅನ್ನುತ್ತಿದ್ದರು, ನನ್ನಂಥ ಮೀಸೆ ಹೊತ್ತವನನ್ನೂ ಬಿಡಲಿಲ್ಲ.

ದುಭಾಷಿಯ ಕೆಲಸವನ್ನೂ ರಾಯರು ಕಲಿಸುತ್ತಿದ್ದರು. ಮೈಸೂರಿಗೆ ಆಯುರ್ವೇದದ ಚಿಕಿತ್ಸೆಗೆಂದು ಬರುವ ರಷ್ಯನ್ನರಿಗೆ ದುಭಾಷಿ ಬೇಕಾಗುತ್ತಿತ್ತು, ಓದುವ ಹುಡುಗರಿಗೆ ಅದೇ ಅಭ್ಯಾಸ. ಆ ಕೆಲಸಕ್ಕೆ ಅವರದು ಒಂದೇ ಕಟ್ಟಳೆ. ಅವರು ಹೀಗಂದರು, ಇವರು ಹಾಗಂದರು ಅನ್ನಬಾರದು. ಮಾತಾಡಿದವನು ನಾನು ಎಂದರೆ ದುಭಾಷಿಯೂ ನಾನು ಎನ್ನಬೇಕು. ಮುದುಕ ನನಗೆ ಮೂಲವ್ಯಾಧಿ ಅಂದರೆ ನೀನೂ ನನಗೆ ಮೂಲವ್ಯಾಧಿ ಅನ್ನು ಅಂದಿದ್ದರು. ನಾವೆಲ್ಲ ನಕ್ಕಿದ್ದೆವು. ಅವರು ನಕ್ಕಿರಲಿಲ್ಲ.

ಕಾರ್ತೀಕದ ಒಂದು ಬೆಳಿಗ್ಗೆ ರಾಯರಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಮಾತು ನಿಂತುಹೋಯಿತು.

ಐದನೆಯ ದಿನ ಆಸ್ಪತ್ರೆಯಲ್ಲಿ ಬಾಯಿ ತೆರೆದರು. ಬಂದ ಮಾತು ಯಾರಿಗೂ ತಿಳಿಯಲಿಲ್ಲ. ನರ್ಸು, ಬಡಬಡಿಸ್ತಾರೆ, ಇಂಥ ಕಾಯಿಲೇಲಿ ಹಾಗೇ ಅಂದಳು. ಪಕ್ಕದ ಹಾಸಿಗೆಯವರ ಕಡೆಯವರು, ಯಾವುದಕ್ಕೂ ಒಂದು ತಾಯತ ಕಟ್ಟಿಸಿ ಅಂದರು. ಅಂಬಾಬಾಯಿ ಗಂಡನ ತಲೆ ಕೆಟ್ಟಿತು ಎಂದು ಗೋಡೆ ಕಡೆ ತಿರುಗಿ ಅಳುತ್ತಿದ್ದರು.

ಏಳನೆಯ ದಿನ ದಾಕ್ಷಾಯಿಣಿ ಮೂಸಂಬಿ ಹಿಡಿದು ನೋಡಲು ಹೋದಳು. ಬಾಗಿಲಲ್ಲೇ ಅವಳ ಕಾಲು ನಿಂತವು.

ಒಳಗೆ ರಾಯರು ಸ್ಪಷ್ಟವಾದ, ಮರ್ಯಾದೆಯ ರಷ್ಯನ್‌ನಲ್ಲಿ ಕೇಳುತ್ತಿದ್ದರು: “ದಯವಿಟ್ಟು ತಣ್ಣೀರು ಕೊಡಿ. ಬಿಸಿನೀರು ಬೇಡ. ಎರಡು ದಿನದಿಂದ ಕೇಳ್ತಿದ್ದೀನಿ.”

ಚೀಲ ಅಲ್ಲೇ ಬಿಟ್ಟು ಓಡಿ ತಣ್ಣೀರು ತಂದಳು. ರಾಯರು ಗಟಗಟ ಕುಡಿದು ರಷ್ಯನ್‌ನಲ್ಲೇ ಧನ್ಯವಾದ ಹೇಳಿದರು. ಹೇಳಿದವರು, ತಮ್ಮ ಬಾಯಿಂದ ಬಂದದ್ದು ಕನ್ನಡವಲ್ಲ ಎಂದು ಆಗಷ್ಟೇ ತಿಳಿದು ಕಣ್ಣು ಅಗಲ ಮಾಡಿದರು.

ಡಾಕ್ಟರನ್ನು ಕರೆಸಿದರು. ಅವರಿಗೂ ಆಶ್ಚರ್ಯವೇ. ಕನ್ನಡ ಆಡುವುದಕ್ಕೆ ಏಟು ಬಿದ್ದಿದೆ, ಆಮೇಲೆ ಕಲಿತ ಭಾಷೆ ಹೇಗೋ ಉಳಿದುಕೊಂಡಿದೆ, ಅಪರೂಪಕ್ಕೆ ಹೀಗೂ ಆಗುತ್ತೆ ಅಂದರು. ನೀವು ಕನ್ನಡದಲ್ಲಿ ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತೆ, ಬಾಯಿಗೆ ಮಾತ್ರ ಬರಲ್ಲ. ಕನ್ನಡ ವಾಪಸು ಬರುತ್ತಾ ಅಂತ ಅಂಬಾಬಾಯಿ ಕೇಳಿದರು. ಹೇಳೋಕಾಗಲ್ಲಮ್ಮ ಅಂದರು ಡಾಕ್ಟರು.

ಬಲಗೈ ಇಲ್ಲದ ಮೇಲೆ ಬರೆದು ತೋರಿಸುವ ಹಾಗೂ ಇರಲಿಲ್ಲ. ವಿಭಾಗದಲ್ಲಿ ಆಗ ರಷ್ಯನ್‌ಗೆ ಅಧ್ಯಾಪಕರೇ ಇರಲಿಲ್ಲ, ಮಿಕ್ಕ ನಾಲ್ವರು ಹುಡುಗರಿಗೆ ಎರಡು ವಾಕ್ಯದ ಆಚೆ ಏನೂ ಬರುತ್ತಿರಲಿಲ್ಲ. ಹಾಗಾಗಿ ಗಂಡ ಹೆಂಡಿರ ನಡುವೆ ದಾಕ್ಷಾಯಿಣಿ ಬಂದು ಕೂತಳು.

ಮನೆಗೆ ಕರೆತಂದ ಮೇಲೆ ದಿನಾ ಹತ್ತು ಗಂಟೆಯ ಬಸ್ಸಿಗೆ ಬರುತ್ತಿದ್ದಳು. ಕಟ್ಟಳೆ ಬಿಡಲಿಲ್ಲ.

ನನ್ನ ಬೆನ್ನು ಕೆರೀತಿದೆ, ಅನ್ನುತ್ತಿದ್ದಳು. ಅಂಬಾಬಾಯಿ ರಾಯರ ಬೆನ್ನು ಕೆರೆಯುತ್ತಿದ್ದರು. ಸಾರಿಗೆ ಉಪ್ಪೇ ಇಲ್ಲ, ಅನ್ನುತ್ತಿದ್ದಳು. ಅಂಬಾಬಾಯಿ ಇವಳ ಕಡೆಗೇ ತಿರುಗಿ, ಉಪ್ಪು ಕೊಡಬಾರದು ಅಂದಿದಾರೆ, ಸುಮ್ನೆ ತಿನ್ನಿ ಎಂದು ಗದರಿಬಿಡುತ್ತಿದ್ದರು. ಆಮೇಲೆ ಮೂವರೂ ನಗುತ್ತಿದ್ದರು. ಗಿರಣಿಯವನ ಮಗಳನ್ನು ನೀವು ಎಂದು ಬಹುವಚನದಲ್ಲಿ ಗದರುವುದು ಎಂದರೆ!

ಹೀಗೆ ಒಂದು ವಾರ ನಡೆಯಿತು. ಆಮೇಲೆ ಅಂಬಾಬಾಯಿ ನಗುವುದನ್ನು ನಿಲ್ಲಿಸಿದರು.

ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ದಾಕ್ಷಾಯಿಣಿಗೆ ಅವರೇ ಹೇಳಿದರು. ಹದಿನೆಂಟಕ್ಕೆ ಮದುವೆ. ಮೂರು ತಿಂಗಳಿಗೆ ಗಂಡ ಓದಲು ರಷ್ಯಾಕ್ಕೆ ಹೋದರು. ಐದು ವರ್ಷ ಬರಲಿಲ್ಲ. ಇವರು ಅತ್ತೆಮನೆಯಲ್ಲಿದ್ದು ಅತ್ತೆಯ ಮಡಿಗೆ ನೀರು ಸೇದಿಕೊಂಡು, ತಿಂಗಳಿಗೊಂದು ಬರುವ ಕಾಗದ ಕಾಯುತ್ತಿದ್ದರು. ಇಷ್ಟು ಹಿಮ ಬಿತ್ತು, ನಾನು ಕ್ಷೇಮ ಅಂತ ಬರೆದಿರುತ್ತಿತ್ತು. ಬಂದ ಮೇಲೆ ನಲವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿ ಬದುಕಿದ್ದಾರೆ.

“ನಲವತ್ತನಾಲ್ಕು ವರ್ಷ ನನ್ನ ಜೊತೆ ಆಡಿದ ಭಾಷೆ ಒಂದು ಏಟಿಗೆ ಹೋಯ್ತು ಮಗು. ಆ ಐದು ವರ್ಷದ್ದು ಅಲ್ಲಾಡದೆ ನಿಂತಿದೆ. ಏನು ಇದರ ಅರ್ಥ?”

ದಾಕ್ಷಾಯಿಣಿ ಡಾಕ್ಟರು ಹೇಳಿದ್ದನ್ನೇ ಹೇಳಿದಳು. ಅಂಬಾಬಾಯಿ ಒದ್ದೆ ಪಂಚೆ ಕೊಡವಿ, ಡಾಕ್ಟರಿಗೆ ತಲೆಯ ವಿಚಾರ ಗೊತ್ತು ಅಂದರು.

ಮಾರನೆಯ ದಿನ ಹನ್ನೊಂದು ಗಂಟೆಗೆ, ಗಂಜಿ ಒಲೆಯ ಮೇಲಿಟ್ಟು ಬಂದು, ಮಂಚದ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಅವರು ಗಂಡನ ಎದುರು ಕುರ್ಚಿಯಲ್ಲಿ ಕೂತದ್ದನ್ನು ದಾಕ್ಷಾಯಿಣಿ ನೋಡಿರಲಿಲ್ಲ.

“ನಿಮ್ಮನ್ನ ಒಂದು ಮಾತು ಕೇಳ್ತೀನಿ. ಅಲ್ಲಿ ನಿಮಗೆ ಯಾರಾದ್ರೂ ಇದ್ರಾ?”

ರಾಯರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

“ದಾ,” ಅಂದರು. ಆಮೇಲೆ ನಿಧಾನವಾಗಿ ನಾಲ್ಕು ವಾಕ್ಯ ಹೇಳಿದರು.

ಬೇರೆ ದಿನ ಹತ್ತು ಪದಕ್ಕೆ ಮೂರು ಅವಳ ಕಿವಿ ತಪ್ಪಿಸಿಕೊಂಡು ಹೋಗುತ್ತಿದ್ದವು. ಹಾಳಾದ್ದು, ಆ ದಿನ ಒಂದೂ ತಪ್ಪಲಿಲ್ಲ.

ರಾಯರೆಂದರೆ ಅವಳಿಗೆ ದೇವರ ಕೆಳಗಿನ ಮೆಟ್ಟಿಲು. ಆ ಬಾಯಿಂದ ಈ ಮಾತು! ಎದುರಿಗೆ ಅಂಬಾಬಾಯಿ, ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು, ಇವಳ ತುಟಿ ನೋಡುತ್ತಿದ್ದಾರೆ.

ಏನಾದರೂ ಹೇಳಲೇಬೇಕಿತ್ತು.

“ಇಲ್ಲ,” ಅಂದಳು. “ಓದು, ಚಳಿ, ಊಟದ ಕಷ್ಟ. ಬೇರೆ ಯಾವುದಕ್ಕೂ ಪುರಸೊತ್ತಿರಲಿಲ್ಲ. ನಿನ್ನ ನೆನಪಲ್ಲೇ ಐದು ವರ್ಷ ಕಳೆದೆ.”

ಚೆನ್ನಾಗಿಯೇ ಹೇಳಿದಳು. ಕಟ್ಟಳೆಯ ಪ್ರಕಾರ ನಾನು ಎಂದೇ ಹೇಳಿದಳು.

ರಾಯರ ಮುಖ ಕೆಂಪಾಯಿತು. ಎಡಗೈ ಬೀಸಿ ಸ್ಟೂಲಿನ ಮೇಲಿದ್ದ ಚೊಂಬನ್ನು ಬೀಳಿಸಿದರು. ನೀರೆಲ್ಲ ನೆಲಕ್ಕೆ ಹರಿಯಿತು.

ಅಂಬಾಬಾಯಿ ಚೊಂಬಿನ ಕಡೆ ತಿರುಗಿಯೂ ನೋಡಲಿಲ್ಲ.

“ದಾ ಅಂದ್ರೆ ಹೌದು,” ಅಂದರು. “ನಲವತ್ತು ವರ್ಷ ಈ ಮನೇಲಿ ಪಾಠ ಕೇಳಿದೀನಿ ಮಗು. ಅಷ್ಟು ನನಗೂ ಬರುತ್ತೆ.”

ದಾಕ್ಷಾಯಿಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೌದು ಅಂದ ಮೇಲೆ ಇನ್ನೂ ಏನೇನೋ ಹೇಳಿದರಲ್ಲ, ನನಗೆ ಅದು ಬೇಕು, ಅಂದರು ಅಂಬಾಬಾಯಿ. ದನಿ ಏರಿರಲಿಲ್ಲ. ತರಕಾರಿಯವಳ ಹತ್ತಿರ ಬದನೆಕಾಯಿ ಕೇಳುವ ದನಿಯಲ್ಲೇ ಕೇಳಿದರು. ಅದಕ್ಕೇ ದಾಕ್ಷಾಯಿಣಿ ಇನ್ನಷ್ಟು ಹೆದರಿದಳು.

ರಾಯರ ಕಡೆ ತಿರುಗಿ ರಷ್ಯನ್‌ನಲ್ಲಿ ಬೇಡಿಕೊಂಡಳು. ನನ್ನ ಕೈಲಿ ಇದನ್ನ ಹೇಳಿಸಬೇಡಿ ಸಾರ್, ನಾನು ಹೋಗ್ತೀನಿ, ಬೇರೆ ಯಾರನ್ನಾದರೂ ಕರೆಸಿ.

“ನಾನು ಹೇಳಿದ್ದು ನಿನಗಲ್ಲ,” ಅಂದರು ರಾಯರು.

ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದಾಗ ನಾಚಿಕೆಯಾಯಿತು. ಬೇರೆಯವರಿಗೆ ಬಂದ ಕಾಗದವನ್ನು ತಾನು ಒಡೆದು ಓದಿ, ಹರಿದು ಹಾಕಿದ ಹಾಗಾಗಿತ್ತು.

ನೆಲ ನೋಡಿಕೊಂಡು ಶುರುಮಾಡಿದಳು. ರಾಯರು ತಡೆದರು.

“ಅವಳನ್ನ ನೋಡಿ ಹೇಳು.”

ತಲೆ ಎತ್ತಿದಳು. ಇಪ್ಪತ್ತೆರಡು ವರ್ಷದ ಹುಡುಗಿ, ಅರವತ್ತೇಳು ವರ್ಷದ ಹೆಂಗಸಿನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

“ಇದ್ದಳು. ಲಿದಿಯಾ ಅಂತ. ಗ್ರಂಥಾಲಯದಲ್ಲಿ ಕೆಲಸ ಮಾಡ್ತಿದ್ದಳು. ಮೂರು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ನಿನಗೆ ಕಾಗದ ಬರೀತಿದ್ದದ್ದೂ ಆ ಕೋಣೆಯಲ್ಲೇ ಕೂತು.”

ಅಡುಗೆಮನೆಯಲ್ಲಿ ಗಂಜಿ ಉಕ್ಕಿ ಒಲೆಯ ಮೇಲೆ ಚುರ್ ಅಂದಿತು. ಯಾರೂ ಏಳಲಿಲ್ಲ.

ಅಂಬಾಬಾಯಿ ಲಿದಿಯಾ ಎಂದು ಒಂದು ಸಲ ತಮ್ಮಷ್ಟಕ್ಕೆ ಅಂದುಕೊಂಡರು. ಮನೆಗೆ ಬಂದ ಹೊಸ ಸೊಸೆಯ ಹೆಸರು ಮೊದಲ ಸಲ ಹೇಳುವಾಗ ಅನ್ನುತ್ತಾರಲ್ಲ, ಹಾಗೆ. ಆಮೇಲೆ, ನಿಮಗೆ ಮದುವೆಯಾಗಿದೆ ಅಂತ ಅವಳಿಗೆ ಗೊತ್ತಿತ್ತಾ ಅಂತ ಕೇಳಿದರು.

ರಾಯರು ಹೇಳಿದರು. ದಾಕ್ಷಾಯಿಣಿ ಹೇಳಿದಳು: “ಗೊತ್ತಿತ್ತು. ನಿನ್ನ ಕಾಗದ ಬಂದ ದಿನ ಅವಳು ಕೋಟು ಹಾಕಿಕೊಂಡು ಹೊರಗೆ ಹೋಗ್ತಿದ್ದಳು. ನಾನು ಓದಿ ಮುಗಿಸೋವರೆಗೂ ಹಿಮದಲ್ಲಿ ಓಡಾಡ್ತಿದ್ದಳು.”

ಈ ಮಾತು ಹೇಳುವಾಗ ಯಾರಿಗಾಗಿ ಮರುಗಬೇಕು ಎಂದೇ ದಾಕ್ಷಾಯಿಣಿಗೆ ಗೊತ್ತಾಗಲಿಲ್ಲ.

ಮತ್ತೆ ಯಾಕೆ ಬಂದ್ರಿ, ಅಂದರು ಅಂಬಾಬಾಯಿ.

“ಓದು ಮುಗಿದಿತ್ತು, ಅಲ್ಲೇ ಅನುವಾದದ ಕೆಲಸ ಸಿಕ್ಕಿತ್ತು. ಅಪ್ಪನಿಗೆ ಕಾಯಿಲೆ ಅಂತ ತಂತಿ ಬಂತು. ಒಂದು ತಿಂಗಳಿಗೆ ಅಂತ ಬಂದೆ. ನಿನಗೆ ಹೇಳಿ ಹೋಗೋ ಧೈರ್ಯ ಬರಲಿಲ್ಲ. ಹೇಳದೆ ಹೋಗೋ ಧೈರ್ಯವೂ ಬರಲಿಲ್ಲ. ಅವಳಿಗೂ ಏನೂ ಬರೆಯಲಿಲ್ಲ.”

ನಾನಾಗಿದ್ದರೆ ಅಲ್ಲಿಗೆ ಎದ್ದು ಹೋಗುತ್ತಿದ್ದೆ. ಗುರುಗಳಾಗಲಿ ಯಾರೇ ಆಗಲಿ, ಇಂಥ ಮಾತು ಕೇಳಿಕೊಂಡು ಕೂರುವುದು ಹೇಗೆ? ದಾಕ್ಷಾಯಿಣಿಯೂ ಎದ್ದಳಂತೆ. ಅಂಬಾಬಾಯಿ ಅವಳ ಮಣಿಕಟ್ಟು ಹಿಡಿದು ಕೂರಿಸಿದರು.

“ಇನ್ನೊಂದಿದೆ,” ಅಂದರು. “ಹಾಗಾದ್ರೆ ಇಷ್ಟು ವರ್ಷ ನನ್ನ ಜೊತೆ ಇದ್ದದ್ದು ಯಾರು?”

ರಾಯರ ಕಣ್ಣಲ್ಲಿ ನೀರು ಬಂತು, ಎಡಗೈಯಲ್ಲಿ ತಾವೇ ಒರೆಸಿಕೊಂಡರು. ಹೆಂಡತಿ ಒರೆಸಲು ಬರಲಿಲ್ಲ. ತಡೆದು ತಡೆದು ಹೇಳಿದರು. ದಾಕ್ಷಾಯಿಣಿ ಒಂದು ಕಡೆ ತಿಳಿಯಲಿಲ್ಲವೆಂದು ಮತ್ತೆ ಹೇಳಿಸಿಕೊಂಡಳು. ಕೇಳಿದ್ದು ಸರಿ ಎಂದು ಗಟ್ಟಿಮಾಡಿಕೊಂಡ ಮೇಲೆಯೇ ಬಾಯಿಬಿಟ್ಟಳು.

“ಮೊದಲ ಹತ್ತು ವರ್ಷ ನಾನು ಇಲ್ಲಿರಲಿಲ್ಲ. ಆಮೇಲೆ ಯಾವಾಗ ಬಂದೆನೋ ನನಗೇ ಗೊತ್ತಾಗಲಿಲ್ಲ. ಒಂದು ಸಲ ನೀನು ತವರಿಗೆ ಹೋಗಿದ್ದೆ. ಎರಡನೇ ದಿನ ಮನೆಯಲ್ಲಿ ಕೂರೋಕಾಗಲಿಲ್ಲ ನನಗೆ. ಬೀಗ ಹಾಕಿಕೊಂಡು ಹೊಳೆ ಹತ್ತಿರ ಹೋಗಿ ಕೂತೆ. ಆಗ ತಿಳೀತು, ನಾನು ಬಂದು ಎಷ್ಟೋ ದಿನವಾಗಿದೆ ಅಂತ.”

ಅಂಬಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತೆಗೆದರು.

“ಅದನ್ನಾದ್ರೂ ಹೇಳಬಹುದಿತ್ತಲ್ಲ ನೀವು.”

“ಅದನ್ನ ಹೇಳಬೇಕಾದ್ರೆ ಇದನ್ನೂ ಹೇಳಬೇಕಿತ್ತು,” ಅಂದರು ರಾಯರು. ದಾಕ್ಷಾಯಿಣಿ ಒಂದು ಅಕ್ಷರ ಸೇರಿಸಲಿಲ್ಲ, ಒಂದು ಅಕ್ಷರ ಬಿಡಲಿಲ್ಲ.

ಅಂಬಾಬಾಯಿ ಎದ್ದರು. ಬಟ್ಟೆ ತಂದು ನೆಲದ ನೀರು ಒರೆಸಿದರು. ಚೊಂಬು ಎತ್ತಿಕೊಂಡು ಒಳಗೆ ಹೋದರು. ಅರ್ಧ ಗಂಟೆ ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ದಾಕ್ಷಾಯಿಣಿಗೆ ಕೆಟ್ಟ ಕೆಟ್ಟ ಯೋಚನೆಗಳೆಲ್ಲ ಬಂದವು. ರಾಯರು ಬಾಗಿಲನ್ನೇ ನೋಡುತ್ತಿದ್ದರು.

ಕೊನೆಗೆ ಗಂಜಿಯ ಬಟ್ಟಲು ಹಿಡಿದು ಬಂದರು. ಮುಖ ತೊಳೆದುಕೊಂಡಿದ್ದರು. ಕುಂಕುಮವನ್ನು ಹೊಸದಾಗಿ ಇಟ್ಟುಕೊಂಡಿದ್ದರು.

“ನಾಳೆಯಿಂದ ನೀನು ಬರಬೇಡ ಮಗು.”

ಸುಳ್ಳು ಹೇಳಿದ್ದಕ್ಕೆ ಮನೆಯಿಂದ ಅಟ್ಟುತ್ತಿದ್ದಾರೆ ಎಂದುಕೊಂಡು ದಾಕ್ಷಾಯಿಣಿ ಕಾಲಿಗೆ ಬೀಳಲು ಹೋದಳು. ಅಂಬಾಬಾಯಿ ಹಿಡಿದೆತ್ತಿದರು.

“ನಿನ್ನ ಮೇಲೆ ನನಗೇನೂ ಕೋಪ ಇಲ್ಲ. ನಾನು ಹೇಳಿದ್ದೆಲ್ಲ ಇವರಿಗೆ ತಿಳಿಯುತ್ತೆ ಅಂತ ಡಾಕ್ಟರೇ ಹೇಳಿದಾರಲ್ಲ. ನಲವತ್ತನಾಲ್ಕು ವರ್ಷದ್ದು ಹೇಳೋದಿದೆ ನನಗೆ. ಅದಕ್ಕೆ ದುಭಾಷಿ ಬೇಕಾಗಿಲ್ಲ.”

ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊಂಡು, ಚಮಚ ಎತ್ತಿ, ಗಂಡನಿಗೆ ಬಾಯಿ ತೆಗೀರಿ ಅಂದರು. ರಾಯರು ತೆಗೆದರು. ಮೂವತ್ತು ವರ್ಷ ಎಷ್ಟೋ ಹುಡುಗರನ್ನು ಮೌಖಿಕ ಪರೀಕ್ಷೆಯಲ್ಲಿ ಬೆವರಿಸಿದ ಆ ಮನುಷ್ಯನ ಮುಖದಲ್ಲಿ ಅವತ್ತು ಅದೇ ಹುಡುಗರ ಹೆದರಿಕೆ ಇತ್ತಂತೆ. ಅಂಬಾಬಾಯಿ ಒಂದೊಂದು ಚಮಚಕ್ಕೆ ಒಂದೊಂದು ಮಾತು ಹೇಳುತ್ತಾ ಬಟ್ಟಲು ಖಾಲಿ ಮಾಡಿಸಿದರು. ಅತ್ತೆಯ ಬೈಗುಳಗಳಿಂದ ಶುರುಮಾಡಿದ್ದರು. ಕಾಗದದ ಹಿಮಕ್ಕೆ ಇನ್ನೂ ಬಂದಿರಲಿಲ್ಲ.

ಬಾಯಿ ಒರೆಸಲು ನೀರು ತರಲೆಂದು ಅವರು ಒಳಗೆ ಹೋದಾಗ ದಾಕ್ಷಾಯಿಣಿ ಮಂಚದ ಹತ್ತಿರ ಹೋದಳು. ಹೇಳದೆ ಹೋಗಲು ಮನಸ್ಸಾಗಲಿಲ್ಲ.

“ಸಾರ್, ನಾನು ಸುಳ್ಳು ಹೇಳಿದ್ದು ತಪ್ಪು. ಆದರೆ ಅಮ್ಮನಿಗೆ ನೋವಾಗುತ್ತೆ ಅಂತ ಹಾಗೆ ಹೇಳಿದೆ. ಕರುಣೆಯಿಂದ ಹೇಳಿದೆ.”

ರಾಯರು ಅವಳ ತಲೆಯ ಮೇಲೆ ಎಡಗೈ ಇಟ್ಟರು.

“ನಾನೂ ನಲವತ್ತನಾಲ್ಕು ವರ್ಷ ಅದನ್ನ ಕರುಣೆ ಅಂತಲೇ ಕರೀತಿದ್ದೆ.”